ಹಲ್ಲಿ ಕೊಟ್ಟ ಗ್ರೇಡು

ಒಂದು ಹಳೇ ಪುಸ್ತಕದ ಅಂಗಡಿ ಗೋಡೆ ಮೇಲೆ ಒಂದು ಹಲ್ಲಿ ಇತ್ತು. ಹಲ್ಲಿ ಲೊಚಗುಟ್ಟಿದ್ರೆ ಆಡಿದ ಮಾತು ಸತ್ಯ ಅಂತ ಅಂಗಡಿಯ ಪುಟ್ಟಸ್ವಾಮಯ್ಯನವರ ನಂಬಿಕೆ. ಅದಕ್ಕೇ ಹಳೇ ಕಾಮಿಕ್ಸ್ ಒಂದೊಂದನ್ನೇ ಎತ್ತಿ ಹಿಡಿದು "ಇದು ಒಳ್ಳೇ ಪ್ರತಿ" ಅನ್ನೋರು. ಹಲ್ಲಿ ಲೊಚ್ ಅಂದ್ರೆ ಗಾಜಿನ ಕಪಾಟಿಗೆ, ಸುಮ್ನಿದ್ರೆ ರದ್ದಿಗೆ.

ಒಂದಿನ ತುಂಬಾ ಹಳೇ ಕಾಮಿಕ್ಸ್ ಒಂದರ ಸರದಿ ಬಂತು. ಹಲ್ಲಿ ಬಗ್ಗಿ ನೋಡ್ತು.

"ಪಿನ್ನು ತುಕ್ಕು ಹಿಡಿದಿದೆ, ಪರವಾಗಿಲ್ಲ. ಮೂಲೆ ಮಡಚಿದೆ, ಅದೂ ಪರವಾಗಿಲ್ಲ. ನಡುವಿನ ಹಾಳೆಗೇನಾಯ್ತು?"

"ಹರಿದಿತ್ತು ಸ್ವಾಮಿ. ಓದ್ತಿದ್ದ ಹುಡುಗಿ ಅನ್ನದ ಅಗಳು ಹಚ್ಚಿ ಅಂಟಿಸಿದ್ಲು," ಅಂತು ಕಾಮಿಕ್ಸ್.

"ಹರಿದಿದ್ರೆ ಒಪ್ತಿದ್ದೆ. ರಿಪೇರಿ ಮಾಡಿದ್ದನ್ನ ಒಪ್ಪಲ್ಲ. ಹುಟ್ಟಿದಾಗ ಇದ್ದಿದ್ದೇ ಇರಬೇಕು. ರದ್ದಿಗೆ ನಡಿ."

ರದ್ದಿಗೆ ಹೋದ್ರೆ ಸಂಜೆಗೆ ಬೋಂಡ ಕಟ್ಟೋ ಪೊಟ್ಟಣ. ಆಗ ಕಾಮಿಕ್ಸಿಗೆ ಹಲ್ಲಿಯ ಬಾಲ ಕಾಣಿಸ್ತು. ಮೈಯೆಲ್ಲಾ ಕಂದು, ಬಾಲ ಮಾತ್ರ ಮೊಂಡು, ಬಿಳಿ.

"ಸ್ವಾಮಿ, ನಿಮ್ಮ ಬಾಲ ಹುಟ್ಟಿದಾಗಿಂದ ಇದೇನಾ?"

"ಹುಟ್ಟಿದಾಗಿನದನ್ನ ಬೆಕ್ಕು ತಿಂತು. ಇದು ಆಮೇಲೆ ಬೆಳೆದಿದ್ದು," ಅಂತು ಹಲ್ಲಿ, ಸ್ವಲ್ಪ ಮೆಲ್ಲಗೆ.

"ಆದ್ರೂ ಈ ಗೋಡೇಲಿ ನಿಮ್ಮಷ್ಟು ಚೆನ್ನಾಗಿ ನೊಣ ಹಿಡಿಯೋರು ಯಾರೂ ಇಲ್ಲ."

ಮಾತು ನಿಜವಾಗಿತ್ತು. ನಿಜ ಕೇಳಿದ್ರೆ ಹಲ್ಲಿ ಬಾಯಿ ಸುಮ್ನಿರಲ್ಲ. "ಲೊಚ್ ಲೊಚ್," ಅಂದೇಬಿಡ್ತು.

ಕಾಮಿಕ್ಸ್ ಹಿಡ್ಕೊಂಡೇ ನಿಂತಿದ್ದ ಪುಟ್ಟಸ್ವಾಮಯ್ಯ "ಸತ್ಯ, ಸತ್ಯ," ಅಂತ ಬೆರಳಲ್ಲಿ ಮೇಜು ಕುಟ್ಟಿ, ಅದನ್ನ ಗಾಜಿನ ಕಪಾಟಲ್ಲಿಟ್ರು.

ಹಲ್ಲಿ ಈಗ್ಲೂ ಗ್ರೇಡು ಕೊಡುತ್ತೆ. ಬಾಲ ಮಾತ್ರ ಟ್ಯೂಬ್‌ಲೈಟ್ ಹಿಂದೆ ಇಟ್ಕೊಂಡು.