ಠಾಣೆಯ ಗಂಟೆ ಮತ್ತು ಒಂದು ಗೇಣು ಪರದೆ

ಹಳೆಯ ಅಗ್ನಿಶಾಮಕ ಠಾಣೆಯನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದ ದಿನ, ಗಣ್ಯರು ದೀಪ ಬೆಳಗಿ ಊಟಕ್ಕೆ ತೆರಳಿದರು. ದೀಪದ ಕುಡಿಯೊಂದು ಗಾಳಿಗೆ ಬಾಗಿ ಪರದೆಯ ಅಂಚನ್ನು ಹಿಡಿಯಿತು. ಒಂದು ಕಾಲದಲ್ಲಿ ಊರನ್ನೇ ಎಬ್ಬಿಸುತ್ತಿದ್ದ ಕಂಚಿನ ಗಂಟೆ ಕೂಗಲು ಅಣಿಯಾಯಿತು.

ಬೆಂಕಿ ವಿನಯದಿಂದ ಹೇಳಿತು: "ಗಂಟೆಯಮ್ಮ, ಆತುರ ಬೇಡಿ. ಇಷ್ಟು ಸಣ್ಣ ಉರಿಗೆ ಕೂಗಿದರೆ ಯಾರು ಮೆಚ್ಚುತ್ತಾರೆ? ನಾನು ಛಾವಣಿ ಮುಟ್ಟುವವರೆಗೆ ತಾಳಿ. ಆಗ ಊರೇ ಓಡಿ ಬಂದು ನಿಮ್ಮನ್ನು ಹಿಂದಿನಂತೆ ಕೊಂಡಾಡುತ್ತದೆ."

ತನ್ನ ದನಿಯನ್ನು ಯಾರಾದರೂ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಗಂಟೆ ಯೋಚಿಸಿತು. ಅಷ್ಟರಲ್ಲಿ ಪರದೆ ಒಂದು ಗೇಣು ಸುಟ್ಟುಹೋಯಿತು.

"ಏನಕ್ಕಾ, ನಾಲಿಗೆ ಬಿದ್ದುಹೋಯಿತೇ?" ಎಂದು ಕೆಳಗಿದ್ದ ಮರಳಿನ ಬಕೆಟ್ಟು ಗದರಿತು.

ಗಂಟೆ ಮೈಕೊಡವಿ ಬಡಿದುಕೊಂಡಿತು. ಕಾವಲುಗಾರ ಸಾಂತಪ್ಪ ಎಲೆಯ ಮುಂದಿನಿಂದ ಎದ್ದು ಓಡಿಬಂದ. ಪರದೆಯನ್ನು ನೆಲಕ್ಕೆಳೆದು ಮರಳು ಸುರಿದ. ಬೆಂಕಿ ಆರಿದ ಮೇಲೆ ಮತ್ತೆ ಊಟಕ್ಕೆ ಹೋದ.

ಬರಿದಾದ ಬಕೆಟ್ಟು ನಕ್ಕಿತು: "ಸಾಂತಪ್ಪನೊಬ್ಬನ ಹೊರತು ಯಾರೂ ಎದ್ದು ಬರಲಿಲ್ಲವಲ್ಲ, ಅಕ್ಕಾ!"

"ಊರು ಹೊಗಳುವಷ್ಟು ಬೆಂಕಿ ಬೆಳೆದಿದ್ದರೆ ನಾನು ತಡಮಾಡಿದೆನೆಂದೇ ಅರ್ಥ," ಎಂದಿತು ಗಂಟೆ. "ಈಗಲೂ ಒಂದು ಗೇಣು ತಡಮಾಡಿದ್ದೇನೆ."