ಕಹಿ ಮರದ ಬೇಲಿ

ತಣ್ಣನೆಯ ಬೆಟ್ಟಸೀಮೆಯಲ್ಲಿ, ನದಿಯ ದಡದಲ್ಲಿ ಒಂದು ಆಶ್ರಮ. ಅದಕ್ಕೊಂದು ಬಾದಾಮಿ ತೋಟ. ಆಶ್ರಮದ ಒಲೆ ಉರಿಯುತ್ತಿದ್ದದ್ದೇ ಆ ಫಸಲಿನಿಂದ. ತೋಟ ನೋಡಿಕೊಳ್ಳುತ್ತಿದ್ದವನು ಅಪ್ರಮೇಯನೆಂಬ ಶಿಷ್ಯ.

ಮರಗಳೆಲ್ಲ ಸಿಹಿ. ದಡದಂಚಿನದೊಂದು ಮಾತ್ರ ಕಹಿ. ಕಹಿ ಬಾದಾಮಿ ಅಂದರೆ ವಿಷ. ಯಾತ್ರಿಕರ ಮಗುವೊಂದು ಅದನ್ನು ಹೆಕ್ಕಿ ತಿಂದು, ಅಪ್ರಮೇಯನ ತೊಡೆಯ ಮೇಲೇ ಒದ್ದಾಡಿತು. ಹೇಗೋ ಬದುಕಿಕೊಂಡಿತು. ಅಪ್ರಮೇಯ ನೇರ ಗುರುಗಳ ಬಳಿಗೆ ಹೋದ.

"ಆ ಮರ ಕಡಿದುಬಿಡುತ್ತೇನೆ, ಗುರುಗಳೇ."

"ಬೇಲಿ ಹಾಕು," ಅಂದರು ಗುರುಗಳು.

ಹಾಕಿದ. ಭಯ ಹೋಗಲಿಲ್ಲ. ಮಿಕ್ಕ ಮರಗಳಲ್ಲೂ ಕಹಿ ಅಡಗಿದ್ದರೆ? ಪ್ರತಿ ಮರದ ಎಲೆ ಕಿತ್ತು, ಪಟ್ಟಣದ ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಿದ. ಫಲಿತಾಂಶ ಸಿಕ್ಕಿದ್ದೇ ಓಡೋಡಿ ಬಂದ.

"ಗುರುಗಳೇ, ಸಿಹಿ ಮರಗಳ ಡಿಎನ್‌ಎ ಗುರುತುಗಳೆಲ್ಲ ಒಂದೇ! ಯಾವ ಕಾಲದಲ್ಲೋ ಒಂದೇ ಮರದಿಂದ ಕಸಿ ಕಟ್ಟಿದ್ದಾರೆ. ಆ ಕಹಿ ಮರವೊಂದೇ ಬೇರೆ."

ಗುರುಗಳ ಮುಖ ಬಿಳಿಚಿಕೊಂಡಿತು. "ಮಿಕ್ಕವೆಲ್ಲ ಒಂದೇನಾ?"

"ಎಲ್ಲವೂ."

"ಅಪ್ಪಾ, ಈಗ ನನಗೂ ಭಯವಾಗುತ್ತಿದೆ."

ಗುರುಗಳಿಗೇ ಭಯ! ಅಪ್ರಮೇಯ ಇನ್ನು ತಡೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಕಹಿ ಮರವನ್ನು ಕಡಿದು ಉರುಳಿಸಿದ.

ಗುರುಗಳು ಬಂದು, ಉಳಿದ ಬೊಡ್ಡೆಯ ಮೇಲೆ ಕೈಯಿಟ್ಟು ಕೂತರು. ಅದನ್ನು ನೋಡಿ ಅಪ್ರಮೇಯ ಹೆದರಬೇಕಿತ್ತು. ಪುಣ್ಯಾತ್ಮ ಅವತ್ತೇ ನಿಶ್ಚಿಂತೆಯಿಂದ ನಿದ್ದೆ ಮಾಡಿದ.

ಮುಂದಿನ ವಸಂತದಲ್ಲಿ ತೋಟದ ತುಂಬ ಹೂ. ಜೇನುಹುಳುಗಳು ಮರದಿಂದ ಮರಕ್ಕೆ ಹಾರಾಡಿದವು. ಹೂ ಉದುರಿತು. ಒಂದೇ ಒಂದು ಕಾಯಿ ಕಚ್ಚಲಿಲ್ಲ.

ಅಪ್ರಮೇಯ ಗುರುಗಳ ಬಳಿಗೆ ಓಡಿದ. "ಏನಾಯಿತು, ಗುರುಗಳೇ?"

"ನಮ್ಮ ಬಾದಾಮಿ ತನ್ನದೇ ಪರಾಗಕ್ಕೆ ಕಾಯಿ ಕಚ್ಚುವುದಿಲ್ಲ. ಬೇರೆ ತಳಿಯದು ಬೇಕು. ಕಸಿ ಕಟ್ಟಿದವೆಲ್ಲ ಒಂದೇ ಮರವಿದ್ದಂತೆ. ಬೇರೆ ಅಂತ ಇಲ್ಲಿ ಇದ್ದದ್ದು ಆ ಕಹಿ ಮರವೊಂದೇ."

"ಅಯ್ಯೋ, ಅವತ್ತು ನೀವು ಹೆದರಿದ್ದು ಇದಕ್ಕಾ?"

ಗುರುಗಳು ಅವನನ್ನು ದಡಕ್ಕೆ ಕರೆದುಕೊಂಡು ಹೋದರು. ಬೊಡ್ಡೆಯ ಬುಡದಲ್ಲಿ ಒಂದು ಚಿಗುರು. ಆಡು ಮೇಯ್ದರೆ ಮುಗಿಯಿತು. ಅಪ್ರಮೇಯ ದಡಬಡ ಮುಳ್ಳು ತಂದು ಸುತ್ತ ಬೇಲಿ ಕಟ್ಟತೊಡಗಿದ. ಕಟ್ಟುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

"ಇದು ಬೆಳೆದರೆ ಮತ್ತೆ ಕಹಿ ಕಾಯಿ. ಮತ್ತೆ ಯಾವುದಾದರೂ ಮಗು... ಗುರುಗಳೇ, ಈ ಭಯವನ್ನು ಏನು ಮಾಡಲಿ?"

ಗುರುಗಳು ಇನ್ನೊಂದು ಮುಳ್ಳಿನ ಕೊಂಬೆಯನ್ನು ಅವನ ಮುಂದೆ ಹಿಡಿದರು.

"ಅದಕ್ಕೂ ಬೇಲಿ ಹಾಕಪ್ಪಾ. ಅದರ ಕೈಗೆ ಕೊಡಲಿ ಮಾತ್ರ ಕೊಡಬೇಡ."