ರಿಮೋಟಿನ ಕೋಡು ಬದಲಿಸಿದ ಚೆಲುವಯ್ಯ

ತಲೆ ಇರೋದೇ ಎಣ್ಣೆ ಹಚ್ಚೋಕೆ ಅಂತ ನಂಬ್ಕೊಂಡಿದ್ದ ಒಬ್ಬ ಮಗ ಕಡೂರಲ್ಲಿದ್ದ. ಹೆಸರು ಚೆಲುವಯ್ಯ. ಅವನವ್ವ ದೇವೀರಮ್ಮ ಟೀವಿ ರಿಮೋಟು ರಿಪೇರಿ ಮಾಡೋ ಅಂಗಡಿ ಇಟ್ಕೊಂಡಿದ್ಲು. ಇವನಿಗೆ ಕೆಲಸ ಕಲಿಸೋದ್ರಲ್ಲೇ ಅವಳ ಅರ್ಧ ಜೀವ ಹೋಗಿತ್ತು.

ಒಂದಿನ, ಹಳೇ ರಿಮೋಟಿನ ಕೋಡು ತೆಗೆದು ಹೊಸದಕ್ಕೆ ಹಾಕೋ ಅಂದ್ಲು. ಇವನು ಎಲ್ಲಿಂದಲೋ ಎತ್ತಿನ ಕೋಡು ತಂದು, ಗೋಂದು ಹಚ್ಚಿ, ರಿಮೋಟಿಗೆ ಅಂಟಿಸಿ ಕೂತ. ಅವ್ವ ಹಣೆ ಚಚ್ಚಿಕೊಂಡ್ಲು. ರಿಮೋಟು ಬೆಳಕಲ್ಲಿ ಟೀವಿಗೆ ಹೇಳೋ ಮಾತಿಗೆ ಕೋಡು ಅಂತಾರೆ, ಹಳೇದು ಅದನ್ನ ಉದ್ದುದ್ದ ಅಂಕಿಯಲ್ಲಿ ಹೇಳುತ್ತೆ, ಹೊಸದಕ್ಕೆ ಚಿಕ್ಕದಾಗಿ ಬರೆದರೇನೇ ತಿಳಿಯೋದು ಅಂತ ಬಿಡಿಸಿ ಹೇಳಿದ್ಲು.

"ಕಂಪ್ಯೂಟರಲ್ಲಿ ಹಾಕಿ ಉದ್ದದ್ದನ್ನ ಗಿಡ್ಡ ಮಾಡು, ಮುಂಡೇದೇ."

ಮಾಡಿದ. ಪ್ರತಿ ಸಾಲಿನಲ್ಲೂ ಮೊದಲ ಎರಡು ಅಂಕಿ ಉಳಿಸಿ ಮಿಕ್ಕಿದ್ದನ್ನೆಲ್ಲ ಅಳಿಸಿಬಿಟ್ಟ. ರಿಮೋಟು ಮನೆಗೆ ಒಯ್ದ ಗಿರಾಕಿ ಯಾವ ಗುಂಡಿ ಒತ್ತಿದ್ರೂ ಟೀವಿ ಕಮಕ್ ಕಿಮಕ್ ಅನ್ನಲಿಲ್ಲ. ಅವನು ಬಂದು ರಿಮೋಟು ಎಸೆದು ಹೋದ. ಅವ್ವ ಉಗಿದ್ಲು. ಒಂದಂಕಿನೂ ಬಿಡಬಾರದು, ಆ ಅಂಕಿಗಳಲ್ಲಿ ಬೆಳಕು ಹತ್ತಿದ್ದ ಹೊತ್ತೂ ಲೆಕ್ಕ, ಆರಿ ಸುಮ್ಮನಿದ್ದ ಹೊತ್ತೂ ಲೆಕ್ಕ, ನಡುನಡುವೆ ಸುಮ್ಮನಿದ್ರೇನೇ ಅದು ಮಾತು ಅಂದ್ಲು.

ಸರಿ. ಮಾರನೇ ದಿನ ಇನ್ನೊಬ್ಬ ಗಿರಾಕಿ ಬಂದು ರೆಡಿ ಆಯ್ತಾ ಅಂತ ಕೇಳಿದ. ನಮ್ಮ ಮಹಾರಾಯ "ಆ" ಅಂದು ಸುಮ್ಮನಾದ. ಆಮೇಲೆ "ಯಿ" ಅಂದು ಮತ್ತೆ ಸುಮ್ಮನಾದ. "ತು" ಅನ್ನೋಷ್ಟರಲ್ಲಿ ಗಿರಾಕಿ ಎದುರಂಗಡಿ ಮೆಟ್ಟಿಲು ಹತ್ತಿದ್ದ.

ಅವ್ವನಿಗೆ ಅಳು ಬಂತು. ಅದೆಲ್ಲ ಯಂತ್ರಕ್ಕೆ ಕಣೋ, ಮನುಷ್ಯರಿಗಲ್ಲ ಅಂದ್ಲು. ಟೀವಿ ಕೆಳಗಿನ ಪುಟ್ಟ ಕೆಂಪು ದೀಪ ತೋರಿಸಿ, ಇದೇ ಅದರ ಕಣ್ಣು ಅಂದ್ಲು.

"ಹೊಂದುತ್ತೋ ಇಲ್ಲವೋ ನೋಡಬೇಕಾದ್ರೆ ಎದುರಿಗೆ ಹಿಡಿದು ಒತ್ತು. ಕಣ್ಣು ಮಿಟುಕಿಸಿದ್ರೆ ಹೊಂದಿತು ಅಂತ."

ಇವನ ಕೈಲಿ ಅಂಗಡಿ ಉಳಿಯಲ್ಲ, ಬುದ್ಧಿ ಇರೋ ಸೊಸೆನಾದ್ರೂ ಬರಲಿ ಅಂತ ಬೀರೂರಲ್ಲಿ ಹೆಣ್ಣು ನೋಡೋಕೆ ಕರಕೊಂಡು ಹೋದ್ಲು. ಬಾಯಿ ಬಿಡಬೇಡ, ಹುಡುಗಿ ನಿನಗೆ ಹೊಂದುತ್ತಾಳೋ ಇಲ್ಲವೋ ಅಷ್ಟು ನೋಡು ಅಂತ ಬಾಗಿಲಲ್ಲೇ ಹೇಳಿದ್ಲು. ಹುಡುಗಿ ಕಾಫಿ ತಂದ್ಲು. ಇವನು ಜೇಬಿಂದ ರಿಮೋಟು ತೆಗೆದು ಅವಳ ಮುಖಕ್ಕೆ ಹಿಡಿದು ಒತ್ತಿದ. ಪಾಪ, ಬೆಚ್ಚಿಬಿದ್ದು ಕಣ್ಣು ಮಿಟುಕಿಸಿದ್ಲು. ಇವನ ಮುಖ ಅರಳಿತು. ತಿರುಗಿ ಅವಳಪ್ಪನಿಗೆ ಹಿಡಿದ. ಆತ ಕೆಂಗಣ್ಣು ಬಿಟ್ಟು ನೋಡ್ತಾನೇ ಕೂತ, ರೆಪ್ಪೆ ಅಲ್ಲಾಡಲಿಲ್ಲ. ಒತ್ತಿದ. ರಿಮೋಟನ್ನ ಅಂಗೈಗೆ ಬಡಿದು ಮತ್ತೆ ಒತ್ತಿದ. ಊಹೂಂ.

"ಹುಡುಗಿ ಸರಿಯಾಗವಳೆ ಕಣವ್ವ, ಮಾವನ ಸೆಲ್ಲು ಹೋಗಿರಬೇಕು" ಅಂದವನೇ ಎದ್ದು, ಆತನ ಅಂಗಿ ಎತ್ತಿ, ಬೆನ್ನಲ್ಲಿ ಮುಚ್ಚಳ ಹುಡುಕೋಕೆ ಶುರುಮಾಡಿದ.